‘ಸಾಂದರ್ಭಿಕವಾಗಿ ಮಾತನಾಡಿದರು’: ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿ ಮಹಾನಗರ ಮತ್ತು ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಕಾರ್ಯಕ್ರಮ ನಿರೂಪಕರಿಗೆ ಮತ್ತು ಸಭೆಗಳ ವರದಿ ಬರೆಯುವ ಮಿತ್ರರಿಗೆ,

ಮಾನ್ಯರೇ,

ನವೆಂಬರ್ ಹತ್ತಿರ ಬರುತ್ತಿದೆ. ಸಭಾಗೃಹಗಳನ್ನು ಕಾಯ್ದಿರಿಸಿ ಆಗಿದೆ, ಆಮಂತ್ರಣ ಪತ್ರಿಕೆಯ ಕರಡು ತಿದ್ದುಪಡಿಗಾಗಿ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಓಡಾಡುತ್ತಿದೆ, ಯಾರ ಹೆಸರು ಯಾರ ಹೆಸರಿಗಿಂತ ಮೇಲೆ ಬರಬೇಕೆಂಬ ಚರ್ಚೆಯೂ ಬಹುಶಃ ಆರಂಭವಾಗಿದೆ. ಇನ್ನು ಕೆಲವೇ ವಾರಗಳಲ್ಲಿ ವಿರಾರಿನಿಂದ ಡೊಂಬಿವಲಿಯವರೆಗೆ, ಮೀರಾ ರೋಡಿನಿಂದ ನವಿ ಮುಂಬಯಿಯವರೆಗೆ ಹತ್ತಾರು ವೇದಿಕೆಗಳಲ್ಲಿ ದೀಪ ಬೆಳಗಲಿದೆ. ಆ ವೇದಿಕೆಗಳ ಎದುರಿನ ಕುರ್ಚಿಗಳಲ್ಲಿ ಕೂರುವವರ ಪೈಕಿ ಒಬ್ಬನಾಗಿ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಒಂದು ವಿನಂತಿಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಸಭೆಗಳಲ್ಲಿ ಬಳಕೆಯಾಗುವ ಮಾತುಗಳು ಸವೆದುಹೋಗಿವೆ. ತುಂಬು ಹೃದಯದ ಸ್ವಾಗತ, ಪರಿಚಯದ ಅಗತ್ಯವೇ ಇಲ್ಲದ ಮಹನೀಯರು, ಎಲೆಮರೆಯ ಕಾಯಿ, ಬಹುಮುಖ ಪ್ರತಿಭೆ, ಕೊಡುಗೈ ದಾನಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಉಳಿಸಿ ಬೆಳೆಸಬೇಕು: ಇವುಗಳಲ್ಲಿ ಯಾವುದನ್ನು ನಿರೂಪಕರು ಆರಂಭಿಸಿದರೂ ಉಳಿದರ್ಧವನ್ನು ಮೂರನೆಯ ಸಾಲಿನಲ್ಲಿ ಕೂತವರು ಮುಗಿಸಬಲ್ಲರು. ಕೇಳಿ ಕೇಳಿ ಕಿರಿಕಿರಿಯಾಗುತ್ತದೆ ಎಂಬುದಷ್ಟೇ ಆಗಿದ್ದರೆ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಕಿರಿಕಿರಿಯನ್ನು ಸಹಿಸಿಕೊಂಡು ಊಟದ ಹೊತ್ತಿನವರೆಗೆ ಕೂರುವ ಅಭ್ಯಾಸ ಮುಂಬಯಿ ಕನ್ನಡಿಗರಿಗೆ ಚೆನ್ನಾಗಿಯೇ ಇದೆ. ನನ್ನ ದೂರು ಬೇರೆ. ಈ ಪ್ರತಿಯೊಂದು ಮಾತೂ ಒಂದು ಸಂಗತಿ ಇರಬೇಕಾದ ಜಾಗದಲ್ಲಿ ಬಂದು ಕೂತಿದೆ, ಮತ್ತು ಅದು ಕೂತಿರುವುದರಿಂದ ಆ ಸಂಗತಿ ನಮಗೆ ಯಾರಿಗೂ ತಿಳಿಯದೆ ಹೋಗುತ್ತಿದೆ.

ಸನ್ಮಾನದ ವಿಷಯವನ್ನೇ ತೆಗೆದುಕೊಳ್ಳಿ. ಈಚೆಗೆ ಉಪನಗರದ ಒಂದು ಸಮಾರಂಭದಲ್ಲಿ ರಾತ್ರಿ ಶಾಲೆಯ ನಿವೃತ್ತ ಅಧ್ಯಾಪಕರೊಬ್ಬರನ್ನು ಸನ್ಮಾನಿಸಿದರು. ಶಾಲು, ಪೇಟ, ಹಾರ, ಫಲಪುಷ್ಪ, ಸ್ಮರಣಿಕೆ ಎಲ್ಲವೂ ಕ್ರಮಪ್ರಕಾರ ಸಂದವು. ಚೌಕಟ್ಟು ಹಾಕಿಸಿದ ಸನ್ಮಾನ ಪತ್ರವನ್ನು ನಿರೂಪಕಿಯವರು ಸ್ಪಷ್ಟವಾದ ಉಚ್ಚಾರಣೆಯಲ್ಲಿ ಓದಿದರು. ಶಿಕ್ಷಣ ಕ್ಷೇತ್ರಕ್ಕೆ ತಾವು ಸಲ್ಲಿಸಿದ ಅನುಪಮ ಸೇವೆ, ಅಸಂಖ್ಯಾತ ವಿದ್ಯಾರ್ಥಿಗಳ ಬಾಳಿಗೆ ಬೆಳಕಾದ ತಮ್ಮ ನಿಸ್ವಾರ್ಥ ಬದುಕು, ಪ್ರಚಾರದಿಂದ ದೂರವುಳಿದ ತಮ್ಮ ಅಪರೂಪದ ವ್ಯಕ್ತಿತ್ವ ಎಂದು ಪತ್ರ ಸಾಗಿತು. ಅದರಲ್ಲಿ ಅವರ ಹೆಸರು ಮತ್ತು ಊರಿನ ಹೆಸರನ್ನು ಬಿಟ್ಟರೆ ಅವರದೇ ಆದ ಒಂದು ಪದವೂ ಇರಲಿಲ್ಲ. ಆ ಎರಡು ಕಡೆ ಬೇರೆ ಹೆಸರು ತುಂಬಿದರೆ ಅದೇ ಪತ್ರವನ್ನು ಮುಂದಿನ ಸನ್ಮಾನಿತರಿಗೂ ಕೊಡಬಹುದಾಗಿತ್ತು. ಡಿಟಿಪಿ ಅಂಗಡಿಯ ಗಣಕಯಂತ್ರದಲ್ಲಿ ಬಹುಶಃ ಅದು ಹಾಗೆಯೇ ಇದೆ.

ಊಟದ ಸಾಲಿನಲ್ಲಿ ಅವರು ನನ್ನ ಮುಂದೆಯೇ ನಿಂತಿದ್ದರು. ತಟ್ಟೆ ಹಿಡಿದುಕೊಂಡು ಸಾಲು ಸರಿಯುವಷ್ಟರಲ್ಲಿ ಅವರು ಹೇಳಿದ್ದನ್ನು ಕೇಳಿ. ಅವರ ತರಗತಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಫೋರ್ಟ್ ಪ್ರದೇಶದ ಕಚೇರಿ ಕ್ಯಾಂಟೀನುಗಳ ಹುಡುಗರು. ಕ್ಯಾಂಟೀನು ಮುಚ್ಚಿ, ಪಾತ್ರೆ ತೊಳೆದು, ನೆಲ ಒರೆಸಿ ಬರುವಷ್ಟರಲ್ಲಿ ಅರ್ಧ ಪಾಠ ಕಳೆದಿರುತ್ತಿತ್ತು. ಹಾಗಾಗಿ ಹಾಜರಿಯನ್ನು ಅವರು ತರಗತಿಯ ಆರಂಭದಲ್ಲಿ ಕರೆಯದೆ ಕೊನೆಯಲ್ಲಿ ಕರೆಯುತ್ತಿದ್ದರಂತೆ. ಮಧ್ಯಾಹ್ನವೆಲ್ಲ ನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳಲ್ಲಿ ಪೆನ್ಸಿಲು ಜಾರುತ್ತಿದ್ದುದರಿಂದ ಮೊದಲ ಅರ್ಧ ಗಂಟೆ ಬಾಯಿಲೆಕ್ಕ ಮಾತ್ರ. ಆರು ಮೇಜುಗಳ ಬಿಲ್ಲನ್ನು ನಿಂತಲ್ಲೇ ಕೂಡಿಸಿ ಹೇಳುತ್ತಿದ್ದ ಹುಡುಗ ಅದೇ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಬೆವರುತ್ತಿದ್ದನಂತೆ. ಅವನಿಗಾಗಿ ಅವರು ಇಡ್ಲಿ, ವಡೆ, ಚಹದ ದರಪಟ್ಟಿಯಿಂದಲೇ ಭಿನ್ನರಾಶಿಯನ್ನು ಕಲಿಸಿದರು. ಪರೀಕ್ಷೆಯ ಶುಲ್ಕವನ್ನು ಮಾಲೀಕರಿಂದ ಕೇಳಿ ತರುವುದು, ಪರೀಕ್ಷೆಯ ದಿನ ರಜೆ ಕೊಡುವಂತೆ ಅವರನ್ನು ಒಪ್ಪಿಸುವುದೂ ಅಧ್ಯಾಪಕರ ಕೆಲಸವೇ ಆಗಿತ್ತು. ಇದಿಷ್ಟನ್ನೂ ಹೇಳಲು ಅವರಿಗೆ ಐದು ನಿಮಿಷ ಸಾಕಾಯಿತು. ಸನ್ಮಾನ ಪತ್ರದ ವಾಚನಕ್ಕೂ ಸುಮಾರು ಅಷ್ಟೇ ಸಮಯ ಹಿಡಿದಿತ್ತು. ವೇದಿಕೆಯ ಮೇಲಿಂದ ಸಭೆಯೆಲ್ಲ ಕೇಳಬೇಕಾಗಿದ್ದದ್ದು ಪಲ್ಯ ಬಡಿಸುವ ಜಾಗದಲ್ಲಿ ನನ್ನೊಬ್ಬನ ಕಿವಿಗೆ ಬಿತ್ತು.

ನಿರೂಪಕರ ಮೇಲೆ ಪೂರ್ತಿ ಹೊಣೆ ಹೊರಿಸುವುದು ಸರಿಯಲ್ಲವೆಂದು ಬಲ್ಲೆ. ಕಾರ್ಯಕ್ರಮದ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಹೆಸರುಗಳನ್ನಷ್ಟೇ ಬರೆದು ಕೊಟ್ಟರೆ ಅವರಾದರೂ ಏನು ಮಾಡಿಯಾರು? ಸಂಗತಿ ಇಲ್ಲದವರಿಗೆ ವಿಶೇಷಣವೇ ಗತಿ. ‘ಇವರಿಗೆ ಪರಿಚಯದ ಅಗತ್ಯವೇ ಇಲ್ಲ’ ಎಂದು ನಿರೂಪಕರು ಹೇಳಿದಾಗಲೆಲ್ಲ ನನಗೆ ಕೇಳಿಸುವುದು, ಪರಿಚಯವನ್ನು ಯಾರೂ ಬರೆದು ಕೊಟ್ಟಿಲ್ಲ ಎಂಬುದು.

ಸಭಿಕರಿಗೆ ತಾಳ್ಮೆ ಇಲ್ಲ, ವಿವರಗಳನ್ನು ಹೇಳಹೊರಟರೆ ಎದ್ದು ಹೋಗುತ್ತಾರೆ ಎಂಬ ಸಮಜಾಯಿಷಿಯನ್ನು ನಿಮ್ಮಲ್ಲಿ ಕೆಲವರು ಕೊಡಬಹುದು. ಅದನ್ನು ನಾನು ಒಪ್ಪಲಾರೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಇಲ್ಲಿಗೆ ಬಂದು ತಾಳಮದ್ದಳೆ ನಡೆಸುತ್ತಾರಷ್ಟೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ, ಬರಿಯ ಮಾತು. ಕಥೆ ಎಲ್ಲರಿಗೂ ಗೊತ್ತು, ಕರ್ಣ ಕೊನೆಯಲ್ಲಿ ಬದುಕುವುದಿಲ್ಲವೆಂದೂ ಗೊತ್ತು. ಆದರೂ ಇದೇ ಜನ, ಇದೇ ಕುರ್ಚಿಗಳಲ್ಲಿ, ಗಂಟೆಗಟ್ಟಲೆ ಅಲುಗದೆ ಕೂರುತ್ತಾರೆ. ಕಾರಣ ಸರಳವಾಗಿದೆ: ಕೃಷ್ಣನ ಪಾತ್ರಧಾರಿ ಎತ್ತಿದ ಪ್ರಶ್ನೆಗೆ ಕರ್ಣನ ಪಾತ್ರಧಾರಿ ಆ ರಾತ್ರಿಯೇ, ಆ ಪ್ರಶ್ನೆಗೇ ಉತ್ತರ ಹುಡುಕಬೇಕು. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಒಪ್ಪಿಸುವ ಅರ್ಥಧಾರಿಗೆ ಮುಂಬಯಿಯಿಂದ ಮತ್ತೆ ಕರೆ ಬರುವುದು ಕಷ್ಟ. ಅರ್ಥಧಾರಿಗೆ ಇಷ್ಟು ಬಿಗಿಯಾದ ಕಟ್ಟಳೆಯನ್ನು ವಿಧಿಸುವ ನಾವು ರಾಜ್ಯೋತ್ಸವದ ಭಾಷಣಕಾರರನ್ನು ಯಾಕೆ ಇಷ್ಟು ಸುಲಭವಾಗಿ ಬಿಟ್ಟುಬಿಡುತ್ತೇವೋ ತಿಳಿಯದು.

ಸಭಾಮರ್ಯಾದೆಗೆ ಕೆಲವು ಸಿದ್ಧವಾಕ್ಯಗಳು ಬೇಕೇ ಬೇಕು ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ಗೌರವದಿಂದ ಕಾಣುತ್ತೇನೆ. ನಮ್ಮ ಶಾಸನಗಳಲ್ಲಿಯೂ ಅವು ಇವೆ. ‘ಸ್ವಸ್ತಿ ಸಮಸ್ತ ಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಎಂದು ಆರಂಭಿಸಿ, ಈ ದಾನವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಮುಗಿಸುವ ಶಾಸನಗಳು ಲೆಕ್ಕವಿಲ್ಲದಷ್ಟು. ಕನ್ನಡ ಶಾಸನಗಳು ಮಹಾರಾಷ್ಟ್ರದ ಸೊಲ್ಲಾಪುರ, ಕೊಲ್ಹಾಪುರ, ಸಾಂಗ್ಲಿ ಸೀಮೆಗಳಲ್ಲಿಯೂ ದೊರೆತಿವೆ. ಮುಂಬಯಿ ಕನ್ನಡಿಗರಿಗೆ ಅವು ದೂರದ ಮಾತಲ್ಲ. ಆದರೆ ಆ ತಲೆಮಾತು ಮತ್ತು ಕಡೆಮಾತಿನ ನಡುವೆ ಶಾಸನಕವಿ ಏನು ಬರೆಸಿದ್ದಾನೆ ನೋಡಿ: ಯಾವ ಶಕವರ್ಷ, ಯಾವ ತಿಥಿ, ಯಾರು ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಯಾವ ಕೆರೆಯ ಯಾವ ದಿಕ್ಕಿಗೆ, ಗಡಿಯಲ್ಲಿ ಯಾವ ಕಲ್ಲು. ಕಲ್ಲಿನ ಮೇಲೆ ಜಾಗ ಕಡಿಮೆ, ಪ್ರತಿ ಅಕ್ಷರಕ್ಕೂ ಉಳಿಯ ಪೆಟ್ಟು ಬೇಕು. ಆದರೂ ವಿವರಕ್ಕೆ ಜಾಗ ಬಿಟ್ಟರು. ನಮ್ಮ ಸನ್ಮಾನ ಪತ್ರಗಳಲ್ಲಿ ತಲೆಮಾತಿನಿಂದ ನೇರವಾಗಿ ಕಡೆಮಾತಿಗೆ ಬಂದುಬಿಡುತ್ತೇವೆ.

‘ಜನ್ಮಭೂಮಿ ಕರಾವಳಿ, ಕರ್ಮಭೂಮಿ ಮುಂಬಯಿ’ ಎಂಬ ಜೋಡಿಯನ್ನು ನಾನು ಇಲ್ಲಿನ ವೇದಿಕೆಗಳಲ್ಲಿ ಕೇಳಿದಷ್ಟು ಬಾರಿ ರೈಲು ನಿಲ್ದಾಣದ ಘೋಷಣೆಗಳನ್ನೂ ಕೇಳಿಲ್ಲವೇನೋ. ಆ ಎರಡು ಭೂಮಿಗಳ ನಡುವಿನ ದಾರಿಯ ಬಗ್ಗೆ ಯಾರಾದರೂ ಹೇಳಿದ್ದುಂಟೇ? ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೂ ಮೊದಲು ಬಂದವರು ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕೂತು ಬಂದರು, ಅವರಿಗಿಂತ ಹಿಂದಿನವರು ಹಡಗಿನಲ್ಲಿ ಬಂದರು. ಹಡಗಿನಲ್ಲಿ ಬಂದ ತಲೆಮಾರಿನ ಕೊನೆಯವರು ಈಗ ನಮ್ಮ ನಡುವೆ ಬೆರಳೆಣಿಕೆಯಷ್ಟಿದ್ದಾರೆ, ಅವರಲ್ಲಿ ಕೆಲವರಿಗೆ ನೀವು ಈ ವರ್ಷವೂ ಶಾಲು ಹೊದಿಸಬಹುದು. ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ, ಇಳಿದ ದಿನ ಯಾರ ಖೋಲಿಯಲ್ಲಿ ಮಲಗಿದಿರಿ, ಮೊದಲ ಸಂಬಳವನ್ನು ಊರಿಗೆ ಯಾರ ಕೈಯಲ್ಲಿ ಕಳಿಸಿದಿರಿ ಎಂದು ಕೇಳಿದರೆ ಅವರು ಹೇಳುವುದಕ್ಕೆ ಸಿದ್ಧರಿದ್ದಾರೆ. ಗಿರಣಿಗಳ ಪ್ರದೇಶದಲ್ಲಿ ಕ್ಯಾಂಟೀನು ನಡೆಸಿದವರಿಗೂ ಹೀಗೆಯೇ: 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಜವಳಿ ಗಿರಣಿಗಳ ಮುಷ್ಕರ ಆರಂಭವಾಯಿತು, ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲಿಲ್ಲ, ಆ ಗಿರಣಿಗಳ ಬಾಗಿಲಲ್ಲಿ ಚಹ ಮಾರಿ ಬದುಕುತ್ತಿದ್ದ ನಮ್ಮವರು ಏನಾದರು? ‘ಶೂನ್ಯದಿಂದ ಸಾಮ್ರಾಜ್ಯ ಕಟ್ಟಿದ ಹೋಟೆಲ್ ಉದ್ಯಮಿ’ ಎಂದ ಕೂಡಲೇ ಈ ಪ್ರಶ್ನೆಯನ್ನು ಕೇಳುವ ಅವಕಾಶ ಮುಚ್ಚಿಹೋಗುತ್ತದೆ.

‘ಹೊರನಾಡ ಕನ್ನಡಿಗರು’ ಎಂಬ ಹಣೆಪಟ್ಟಿಯೂ ಅಂಥದ್ದೇ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡದವರಿಗೆ ಮುಂಬಯಿ ತಮ್ಮದೇ ರಾಜ್ಯದ ರಾಜಧಾನಿಯಾಗಿತ್ತು. ದಕ್ಷಿಣ ಕನ್ನಡದವರು ಮದ್ರಾಸಿನ ಆಡಳಿತದಿಂದ ಬರುತ್ತಿದ್ದರು, ಮೈಸೂರಿನವರು ಸಂಸ್ಥಾನದಿಂದ ಬರುತ್ತಿದ್ದರು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ ಸ್ಥಾಪನೆಯಾದದ್ದೆಂಬುದನ್ನು ನೆನೆದರೆ ಆ ಹೆಸರಿನಲ್ಲಿ ಕರ್ನಾಟಕ ಯಾಕಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಹೀಗೆ ಮೂರು ಬೇರೆ ಬೇರೆ ಆಡಳಿತಗಳಿಂದ ಬಂದ ಕನ್ನಡಿಗರು ಏಕೀಕರಣಕ್ಕೂ ಮೊದಲು ಒಂದೇ ಊರಿನಲ್ಲಿ ಕಲೆತದ್ದು ಮುಂಬಯಿಯಲ್ಲಿ. ನವೆಂಬರ್ ತಿಂಗಳಲ್ಲಿ ಹೇಳಲು ಇದಕ್ಕಿಂತ ತಕ್ಕ ವಿಷಯ ಬೇರೊಂದು ನನಗಂತೂ ಹೊಳೆಯುತ್ತಿಲ್ಲ.

ಅದರ ಬದಲಿಗೆ ಬರುವುದು ‘ಎರಡು ಸಾವಿರ ವರ್ಷಗಳ ಇತಿಹಾಸ, ಎಂಟು ಜ್ಞಾನಪೀಠ’. ಎಂಟು ಎಂಬುದು ಸರಿಯಾದ ಲೆಕ್ಕವೇ. ಆದರೆ ಎಂಟನ್ನು ಘೋಷಿಸಿ ಚಪ್ಪಾಳೆ ಗಿಟ್ಟಿಸುವವರಲ್ಲಿ ಯಾರೂ, ಆ ಎಂಟು ಮಂದಿಯಲ್ಲೊಬ್ಬರಾದ ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಕರ್ಜತ್ ಲೋಕಲ್ ಹಿಡಿದು ನೇರಳಿನಲ್ಲಿ ಇಳಿದರೆ ತಲುಪಬಹುದಾದ ಮಾಥೇರಾನಿನಲ್ಲಿ ಎಂದು ಸಭೆಗೆ ತಿಳಿಸಿದ್ದನ್ನು ನಾನು ಕೇಳಿಲ್ಲ. ಇನ್ನೊಬ್ಬರಾದ ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ ಕನ್ನಡ ಕಲಿಸಿದರೆಂಬುದನ್ನೂ ಕೇಳಿಲ್ಲ. ಮಹಾರಾಷ್ಟ್ರದ ಸಭೆಯಲ್ಲಿ ಮಹಾರಾಷ್ಟ್ರದ ನಂಟನ್ನೇ ಬಿಟ್ಟು ಸಂಖ್ಯೆಯನ್ನು ಮಾತ್ರ ಹೇಳುವುದರಲ್ಲಿ ಏನು ಸೊಗಸಿದೆ?

ಎಲ್ಲಕ್ಕಿಂತ ಹೆಚ್ಚು ಸವೆದದ್ದು ‘ಉಳಿಸಿ ಬೆಳೆಸಬೇಕು’. ಇದರಲ್ಲಿ ಕರ್ತೃವೇ ಇಲ್ಲ. ಯಾರು ಉಳಿಸಬೇಕು, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿದರೆ ಉತ್ತರವಿಲ್ಲ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳ ಜೊತೆಗೆ ಕನ್ನಡವೂ ಅದರಲ್ಲಿದೆ. ನಿಮ್ಮ ಸಭಾಗೃಹಕ್ಕೆ ತೀರ ಹತ್ತಿರದ ಕನ್ನಡ ಮಾಧ್ಯಮದ ಶಾಲೆ ಯಾವುದು, ಅಲ್ಲಿ ಒಂದನೆಯ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು, ಅಲ್ಲಿನ ಮಕ್ಕಳ ತಂದೆತಾಯಿ ಏನು ಕೆಲಸ ಮಾಡುತ್ತಾರೆ ಎಂಬ ಮೂರು ವಾಕ್ಯಗಳನ್ನು ಆ ಶಾಲೆಯ ಮುಖ್ಯಾಧ್ಯಾಪಕರನ್ನೇ ವೇದಿಕೆಗೆ ಕರೆದು ಹೇಳಿಸಿದರೆ, ಅನಂತರ ‘ಉಳಿಸಿ ಬೆಳೆಸಬೇಕು’ ಎಂದು ಹೇಳುವ ಅಗತ್ಯವೇ ಬೀಳದು. ಸಭೆಯಲ್ಲಿ ಕೂತ ಮೂರನೆಯ ತಲೆಮಾರಿನ ಮಕ್ಕಳ ವಿಷಯವನ್ನೂ ಇಲ್ಲಿ ಹೇಳಬೇಕು. ಅವರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ, ಶಾಲೆಯಲ್ಲಿ ಇಂಗ್ಲಿಷನ್ನು, ಬೀದಿಯಲ್ಲಿ ಮರಾಠಿ-ಹಿಂದಿಯನ್ನು ಆಡುವವರು. ಕನ್ನಡ ಅವರ ಕಿವಿಗೆ ಬೀಳುವುದು ಹೆಚ್ಚಾಗಿ ನಮ್ಮ ಧ್ವನಿವರ್ಧಕದಿಂದ. ‘ಅಲಂಕರಿಸಿರುವ’, ‘ಆಸೀನರಾಗಿರುವ’, ‘ಮುಡಿಗೇರಿಸಿಕೊಂಡಿರುವ’ ಎಂಬ ಪದಗಳೇ ಕನ್ನಡವೆಂದು ಅವರು ತಿಳಿದರೆ ತಪ್ಪು ಅವರದಲ್ಲ.

ಇನ್ನು ಈ ನಗರದ್ದೇ ಆದ ಒಂದು ಮಾತನ್ನು ನಾವು ಕನ್ನಡ ಸಭೆಗಳ ಹೊರಗಿನಿಂದ ಎರವಲು ತಂದಿದ್ದೇವೆ: ‘ಮುಂಬಯಿ ಸ್ಪಿರಿಟ್’. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಮರುವರ್ಷ ಜುಲೈ 11ರಂದು ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಏಳು ಬಾಂಬುಗಳು ಸಿಡಿದಾಗ, ಮತ್ತೆ ಕೆಲಸಕ್ಕೆ ಹೊರಟವರನ್ನು ಕಂಡು ಈ ಮಾತನ್ನು ಹೊಗಳಿಕೆಯಾಗಿ ಆಡಲಾಯಿತು. ಕೆಲಸಕ್ಕೆ ಹೊರಟವರಲ್ಲಿ ಹೆಚ್ಚಿನವರು ಹೊರಟದ್ದು ಹೋಗದಿದ್ದರೆ ಆ ದಿನದ ಕೂಲಿ ಇಲ್ಲವೆಂಬ ಕಾರಣಕ್ಕೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗಲೂ ಅದೇ ಹೊಗಳಿಕೆ ಕೇಳಿಬಂತು. ಸೇತುವೆ ಯಾಕೆ ಅಷ್ಟು ಇಕ್ಕಟ್ಟಾಗಿತ್ತು ಎಂಬ ಪ್ರಶ್ನೆಯನ್ನು ಕೇಳಬೇಕಾದವರಿಗೆ ಕೈಗೆ ಒಂದು ಪ್ರಶಸ್ತಿಪತ್ರ ಕೊಟ್ಟು ಮನೆಗೆ ಕಳಿಸಿದಂತಾಯಿತು. ನಮ್ಮ ವೇದಿಕೆಗಳಲ್ಲಿ ಕೂತವರೂ ಅದೇ ಲೋಕಲ್‌ಗಳಲ್ಲಿ ಓಡಾಡುವವರು. ಈ ಒಂದು ಮಾತನ್ನಾದರೂ ನಾವು ಕೈಬಿಡಬೇಕೆಂದು ನನ್ನ ಆಗ್ರಹ.

ಸಣ್ಣಪುಟ್ಟವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ‘ಚಪ್ಪಾಳೆ ಕಡಿಮೆಯಾಯಿತು, ಇನ್ನೊಮ್ಮೆ ಜೋರಾಗಿ’ ಎಂದು ಕೇಳಿ ಪಡೆದ ಚಪ್ಪಾಳೆ ಸನ್ಮಾನಿತರಿಗೆ ಸಲ್ಲುವ ಗೌರವವಾಗದು. ‘ಸಮಯದ ಅಭಾವದಿಂದ ಎರಡೇ ಮಾತು’ ಎಂದವರು ಎರಡೇ ಮಾತನಾಡಿದರೆ ಸಾಕು. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕಿನ ನಡುವೆ ಎರಡು ರೈಲು ಬದಲಿಸಿ ಬಂದವರ ಸಮಯದ ಅಭಾವವನ್ನೂ ಯಾರಾದರೂ ಗಮನಿಸಬೇಕು. ‘ಯಾರೂ ಎದ್ದು ಹೋಗಬಾರದಾಗಿ ವಿನಂತಿ, ಊಟದ ವ್ಯವಸ್ಥೆ ಇದೆ’ ಎಂಬ ಪ್ರಕಟಣೆಯನ್ನು ಮಾತ್ರ ದಯವಿಟ್ಟು ಮುಂದುವರಿಸಿ, ಅದರಲ್ಲಿ ಸಂಗತಿ ಇದೆ.

ಕೊನೆಯದಾಗಿ ವರದಿಗಾರ ಮಿತ್ರರಿಗೆ. ‘ಮುಖ್ಯ ಅತಿಥಿಗಳಾಗಿ ಆಗಮಿಸಿದ್ದ ಮಹನೀಯರು ಸಾಂದರ್ಭಿಕವಾಗಿ ಮಾತನಾಡಿದರು’ ಎಂದು ನೀವು ಬರೆಯುತ್ತೀರಿ. ಅದರ ಹಿಂದೆ ಮುಂದೆ ಮೂವತ್ತು ಹೆಸರುಗಳಿರುತ್ತವೆ. ಹೆಸರು ಬಿಟ್ಟುಹೋದರೆ ಮರುದಿನ ನಿಮಗೆ ಬರುವ ದೂರವಾಣಿ ಕರೆಗಳ ಸಂಕಟವನ್ನು ನಾನು ಅರಿಯಬಲ್ಲೆ. ಆದರೆ ಅವರು ಮಾತನಾಡಿದ್ದು ಏನು? ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಮುಂಬಯಿ ಕನ್ನಡಿಗರ ಬದುಕನ್ನು ಕುರಿತು ಸಂಶೋಧನೆ ಮಾಡುವ ವಿದ್ಯಾರ್ಥಿಗಳಿದ್ದಾರೆ. ಮುಂದೆ ಅಂಥವರೊಬ್ಬರು ಈ ದಶಕದ ಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿದರೆ, ನಮ್ಮಲ್ಲಿ ಯಾರು ದೀಪ ಬೆಳಗಿಸಿದರು, ಯಾರು ಪ್ರಾರ್ಥಿಸಿದರು, ಯಾರು ವಂದಿಸಿದರು ಎಂಬುದು ತಾರೀಖು ಸಹಿತ ಸಿಗುತ್ತದೆ, ಅವರು ಏನು ಯೋಚಿಸುತ್ತಿದ್ದರೆಂಬುದು ಒಂದು ಸಾಲಿನಷ್ಟೂ ಸಿಗುವುದಿಲ್ಲ. ಭಾಷಣದಿಂದ ಒಂದು ವಾಕ್ಯವನ್ನು, ಅವರು ಆಡಿದ ಹಾಗೆಯೇ, ಉದ್ಧರಣ ಚಿಹ್ನೆಯೊಳಗೆ ಹಾಕಿ. ಹಾಗೆ ಹಾಕಲು ಯೋಗ್ಯವಾದ ಒಂದು ವಾಕ್ಯವೂ ಸಿಗದಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಲ ಭಾಷಣಕಾರರು ಸಿದ್ಧತೆ ಮಾಡಿಕೊಂಡು ಬಂದಾರು.

ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಈ ವರ್ಷ ಸನ್ಮಾನಕ್ಕೆ ಆಯ್ಕೆಯಾದವರ ಮನೆಗೆ ನಿಮ್ಮ ಯುವ ವಿಭಾಗದ ಒಬ್ಬರನ್ನು ಮುಂಚಿತವಾಗಿ ಕಳಿಸಿ, ಒಂದು ಗಂಟೆ ಕೂತು ಅವರು ಮಾಡಿದ ಕೆಲಸವನ್ನು ಕೇಳಿ ಬರೆದುಕೊಳ್ಳಲಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ, ಬರೆದುಕೊಡುವ ಹಿರಿಯರು ಪ್ರತಿ ಸಂಘದಲ್ಲಿಯೂ ಇದ್ದಾರೆ. ಆ ಟಿಪ್ಪಣಿ ಅಕ್ಟೋಬರ್ ಮುಗಿಯುವುದರೊಳಗೆ ನಿರೂಪಕರ ಕೈ ಸೇರಲಿ, ಸನ್ಮಾನ ಪತ್ರ ಅದರಿಂದಲೇ ತಯಾರಾಗಲಿ, ಅದರ ಒಂದು ಪ್ರತಿ ಸಂಘದ ಕಡತದಲ್ಲಿ ಉಳಿಯಲಿ. ಚೌಕಟ್ಟಿನ ಖರ್ಚು ಹೇಗಿದ್ದರೂ ಅಷ್ಟೇ ಬೀಳುತ್ತದೆ.

ಇತಿ ತಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಸಭಿಕ